ಹೊಂಗೆ ಎಲೆಯೊಳಗಿನ ಶಿಲೀಂಧ್ರದಿಂದ ಕ್ಸೈಲನೇಸ್: ಪ್ಲೇಟಿನಲ್ಲಿ ಚೆನ್ನಾಗಿದೆ, ಗೋಧಿ ಬೂಸಾ ಮೇಲೆ ಯಾಕೆ ಬರುತ್ತಿಲ್ಲ?

ಹೊಂಗೆನೆರಳು

ಹೊಂಗೆ ಎಲೆಯಿಂದ ಬೇರ್ಪಡಿಸಿದ ಎಂಡೊಫೈಟ್ (ಗಿಡದೊಳಗೆ ಬದುಕುವ ಶಿಲೀಂಧ್ರ) ಒಂದರ ವಿಚಾರ. ಇದರಿಂದ ಬೇಕಾದ್ದು ಕ್ಸೈಲನೇಸ್, ಅಂದರೆ ಸಸ್ಯದ ನಾರಿನಲ್ಲಿರುವ ಕ್ಸೈಲನ್ ಎಂಬ ಸಕ್ಕರೆ ಸರಪಳಿಯನ್ನು ಕತ್ತರಿಸುವ ಕಿಣ್ವ. ಐಟಿಎಸ್ (ಶಿಲೀಂಧ್ರ ಗುರುತಿಸಲು ಓದುವ ಡಿಎನ್‌ಎ ತುಣುಕು) ಅನುಕ್ರಮ ಡಯಾಪೋರ್ಥೆ ಕುಲಕ್ಕೆ ಹತ್ತಿರ. ಕ್ಸೈಲನ್ ಅಗರ್ ಮೇಲೆ 5ನೇ ದಿನ ಕಾಂಗೋ ರೆಡ್ ಬಣ್ಣ ಸುರಿದು ಉಪ್ಪುನೀರಿನಲ್ಲಿ ತೊಳೆದರೆ ಕಾಲನಿ 22 ಮಿ.ಮೀ., ಕ್ಸೈಲನ್ ಕರಗಿದ ತಿಳಿವಲಯ ಸೇರಿ 47 ಮಿ.ಮೀ. ಅಂದರೆ ಸೂಚ್ಯಂಕ 2.1.

ಘನ ಮಾಧ್ಯಮಕ್ಕೆ ಹಾಕಿದ ವಿಧಾನ: 250 ಮಿ.ಲೀ. ಫ್ಲಾಸ್ಕಿನಲ್ಲಿ 20 ಗ್ರಾಂ ಗೋಧಿ ಬೂಸಾ, 40 ಮಿ.ಲೀ. ನಲ್ಲಿ ನೀರು, 121 ಡಿಗ್ರಿಯಲ್ಲಿ 15 ನಿಮಿಷ ಆಟೊಕ್ಲೇವ್. ಪಿಡಿಎ (ಆಲೂಗಡ್ಡೆ-ಡೆಕ್ಸ್ಟ್ರೋಸ್ ಅಗರ್) ಪ್ಲೇಟಿನಿಂದ 6 ಮಿ.ಮೀ. ಬಿಲ್ಲೆ ಎರಡು. 28 ಡಿಗ್ರಿ, 7 ದಿನ. ಆಮೇಲೆ 100 ಮಿ.ಲೀ. ನೀರು ಹಾಕಿ ಕುಲುಕಿ, ಬಟ್ಟೆಯಲ್ಲಿ ಹಿಂಡಿ ಸೋಸಿದ್ದು. ಅಳತೆಗೆ 0.5 ಮಿ.ಲೀ. ರಸ, 0.5 ಮಿ.ಲೀ. 1 ಶೇಕಡ ಕ್ಸೈಲನ್, 50 ಡಿಗ್ರಿ, 30 ನಿಮಿಷ, ನಂತರ ಬಿಡುಗಡೆಯಾದ ಸಕ್ಕರೆಯನ್ನು ಬಣ್ಣದಿಂದ ತೋರಿಸುವ ಡಿಎನ್‌ಎಸ್. ಬ್ಲಾಂಕ್‌ಗೆ (ಹೋಲಿಕೆಯ ಟ್ಯೂಬಿಗೆ) ರಸದ ಬದಲು ಬಫರ್. ಒಣ ಬೂಸಾ ಗ್ರಾಂಗೆ 9 ಯೂನಿಟ್ (ನಿಮಿಷಕ್ಕೆ ಒಂದು ಮೈಕ್ರೊಮೋಲ್ ಸಕ್ಕರೆ ಬಿಡಿಸಿದರೆ ಒಂದು ಯೂನಿಟ್) ಬರುತ್ತಿದೆ. ನಾಲ್ಕು ಬಾರಿ ಮಾಡಿದರೂ 9ರ ಆಸುಪಾಸಿನಲ್ಲೇ ನಿಲ್ಲುತ್ತದೆ. 5ನೇ ದಿನವೂ 9, 9ನೇ ದಿನವೂ 9. ಶಿಲೀಂಧ್ರವೇ ಇಷ್ಟೇನಾ?

ಡಿಎನ್‌ಎಸ್_ಕೆಂಪು

ನಾಲ್ಕು ಬಾರಿಯೂ ಒಂದೇ ಅಂಕಿ, ಮೂರು ಬೇರೆ ದಿನವೂ ಒಂದೇ ಅಂಕಿ ಅಂದರೆ ಶಿಲೀಂಧ್ರಕ್ಕಿಂತ ಮೊದಲು ಅಳತೆಯನ್ನು ಅನುಮಾನಿಸಬೇಕು. ಲೆಕ್ಕ ಹಾಕೋಣ.

ಟ್ಯೂಬಿನಲ್ಲಿ ಇರುವ ಕ್ಸೈಲನ್ ಎಷ್ಟು? 0.5 ಮಿ.ಲೀ. ದ್ರಾವಣದಲ್ಲಿ 5 ಮಿ.ಗ್ರಾಂ. ಅದು ಒಂದು ಚೂರೂ ಉಳಿಯದೆ ಕ್ಸೈಲೋಸ್ ಆಯಿತು ಎಂದಿಟ್ಟುಕೊಂಡರೂ 5.7 ಮಿ.ಗ್ರಾಂ, ಅಂದರೆ 38 ಮೈಕ್ರೊಮೋಲ್. ಅದನ್ನು 30 ನಿಮಿಷ ಮತ್ತು 0.5 ಮಿ.ಲೀ.ಯಿಂದ ಭಾಗಿಸಿದರೆ ಮಿ.ಲೀ.ಗೆ 2.5 ಯೂನಿಟ್. ನಿಮ್ಮ 100 ಮಿ.ಲೀ.ಗೆ 250 ಯೂನಿಟ್. 20 ಗ್ರಾಂ ಬೂಸಾದಲ್ಲಿ ಒಣ ಭಾಗ ಸುಮಾರು 18 ಗ್ರಾಂ, ಹಾಗಾಗಿ ಗ್ರಾಂಗೆ 14. ಈ ಟ್ಯೂಬಿನಲ್ಲಿ ಲೋಕದ ಅತಿ ಬಲಶಾಲಿ ಕ್ಸೈಲನೇಸ್ ಹಾಕಿದರೂ 14ಕ್ಕಿಂತ ಮೇಲೆ ತೋರಿಸಲು ಸಾಧ್ಯವೇ ಇಲ್ಲ. ಎಂಡೊಕ್ಸೈಲನೇಸ್ ಸರಪಳಿಯನ್ನು ಪೂರ್ತಿ ಕ್ಸೈಲೋಸ್‌ವರೆಗೆ ಕತ್ತರಿಸುವುದಿಲ್ಲ, ಎರಡು ಮೂರು ಕೊಂಡಿಯ ತುಂಡುಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಗೋಡೆ 14ಕ್ಕಿಂತ ಕೆಳಗೇ ಇದೆ. ನಿಮ್ಮ 9 ಆ ಗೋಡೆ.

ಹೀಗೆ ಮಾಡಿ. 50 ಮಿಲಿಮೋಲಾರ್ ಸಿಟ್ರೇಟ್ ಬಫರ್, ಪಿಎಚ್ 5.3, ಅದರಲ್ಲಿ 1 ಶೇಕಡ ಕ್ಸೈಲನ್. 1.8 ಮಿ.ಲೀ. ತೆಗೆದು 50 ಡಿಗ್ರಿಗೆ ಬಿಸಿಯಾಗಲು ಬಿಡಿ. ಸರಿಯಾಗಿ ದುರ್ಬಲಗೊಳಿಸಿದ ರಸ 0.2 ಮಿ.ಲೀ. ಸೇರಿಸಿ 5 ನಿಮಿಷ ಮಾತ್ರ. 3 ಮಿ.ಲೀ. ಡಿಎನ್‌ಎಸ್ ಹಾಕಿ, 5 ನಿಮಿಷ ಕುದಿಯುವ ನೀರಿನಲ್ಲಿಟ್ಟು, ತಣಿಸಿ 540 ನ್ಯಾನೊಮೀಟರ್‌ನಲ್ಲಿ ಓದಿ. ಬೈಲಿ (Bailey) ಮತ್ತು ಜೊತೆಗಾರರು 1992ರಲ್ಲಿ ಹಲವು ಪ್ರಯೋಗಾಲಯಗಳ ಫಲಿತಾಂಶ ಹೋಲಿಸಿ ಒಪ್ಪಿಸಿದ ವಿಧಾನ ಇದೇ. ಆಗ ಹೊರಬಿದ್ದ ಮುಖ್ಯ ಸಂಗತಿಯೆಂದರೆ ಒಂದೇ ಕಿಣ್ವಕ್ಕೆ ಬೇರೆ ಬೇರೆ ಲ್ಯಾಬುಗಳಲ್ಲಿ ಅಂಕಿ ಭಾರಿ ಬೇರೆಯಾಗಿ ಬರುತ್ತಿತ್ತು, ವಿಧಾನ ಮತ್ತು ಕ್ಸೈಲನ್ ಒಂದೇ ಆದಾಗ ವ್ಯತ್ಯಾಸ ಇಳಿಯಿತು. ಪ್ರಬಂಧಗಳಲ್ಲಿ ಗ್ರಾಂಗೆ ಎಷ್ಟೋ ಸಾವಿರ ಯೂನಿಟ್ ಎಂದು ಓದಿದಾಗ ಮೊದಲು ಎಷ್ಟು ನಿಮಿಷ, ಯಾವ ಕ್ಸೈಲನ್ ಎಂದು ನೋಡಿ.

10, 20, 40, 80 ಪಟ್ಟು ದುರ್ಬಲಗೊಳಿಸಿದ ನಾಲ್ಕು ಟ್ಯೂಬು ಮಾಡಿ. ಎರಡು ಪಕ್ಕದ ಟ್ಯೂಬುಗಳು ಲೆಕ್ಕ ಹಾಕಿದ ಮೇಲೆ 10 ಶೇಕಡದೊಳಗೆ ಹೊಂದಿದರೆ ಮಾತ್ರ ಆ ಅಂಕಿ ನಂಬಿ. ಹೊಂದದಿದ್ದರೆ ಇನ್ನೂ ದುರ್ಬಲಗೊಳಿಸಿ.

ಇನ್ನೊಂದು, ಬ್ಲಾಂಕ್. ಬೂಸಾ ರಸದಲ್ಲಿ ಅದರದ್ದೇ ಸಕ್ಕರೆ ಇದೆ. ಬಫರ್ ಬ್ಲಾಂಕ್ ಇಟ್ಟರೆ ಆ ಸಕ್ಕರೆಯೂ ಕಿಣ್ವದ ಖಾತೆಗೆ ಸೇರುತ್ತದೆ. ಪ್ರತಿ ಸ್ಯಾಂಪಲಿಗೂ ಅದರದ್ದೇ ಬ್ಲಾಂಕ್ ಬೇಕು: ಕ್ಸೈಲನ್‌ಗೆ ಮೊದಲು ಡಿಎನ್‌ಎಸ್ ಹಾಕಿ, ಕೊನೆಗೆ ರಸ ಹಾಕಿ, ತಕ್ಷಣ ಕುದಿಸಿ.

ಟ್ರೇ_ತೇವ

ಅಳತೆಯ ಮಾತು ಸರಿ. ಒಂದು ತಿದ್ದುಪಡಿ: ಹಿಂಡುವಾಗ ಇದ್ದ ನೀರು 100 ಮಿ.ಲೀ. ಅಲ್ಲ. ಬೂಸಾದೊಳಗೆ ಮೊದಲೇ ಇದ್ದ 40 ಮಿ.ಲೀ. ಎಲ್ಲಿ ಹೋಯಿತು? ಕಿಣ್ವ ಒಟ್ಟು 140 ಮಿ.ಲೀ.ಯಲ್ಲಿ ಹರಡಿದೆ. ಆ 40ನ್ನು ಬಿಟ್ಟರೆ ಅಂಕಿ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆ ಬರುತ್ತದೆ. ಗೋಡೆಯೂ 14ರಿಂದ 20ರ ಹತ್ತಿರಕ್ಕೆ ಏರುತ್ತದೆ ಅನ್ನಿ, ಆದರೂ ಅದು ಗೋಡೆಯೇ.

ಇನ್ನು ಬೂಸಾ. 20 ಗ್ರಾಂಗೆ 40 ಮಿ.ಲೀ. ಎಂದರೆ ತೇವ 70 ಶೇಕಡ. ಬೂಸಾಕ್ಕೆ ಇದು ಜಾಸ್ತಿ. ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ. ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು, ಹೆಬ್ಬೆರಳಿನಿಂದ ತಟ್ಟಿದರೆ ಉಂಡೆ ಪುಡಿಯಾಗಬೇಕು. 10 ಗ್ರಾಂ ಬೂಸಾಕ್ಕೆ 15 ಮಿ.ಲೀ. ದ್ರಾವಣ ಹಾಕಿದರೆ 64 ಶೇಕಡ ಆಗುತ್ತದೆ. ಅಲ್ಲಿಂದ ಶುರು ಮಾಡಿ, 58ರಿಂದ 68ರವರೆಗೆ ಹೋಗಿ ಬನ್ನಿ. 70 ದಾಟಿದರೆ ಕಣಗಳ ನಡುವಿನ ಗಾಳಿಯ ಜಾಗಕ್ಕೆ ನೀರು ಬಂದು ಕೂರುತ್ತದೆ, ಆಮ್ಲಜನಕ ತಳಕ್ಕೆ ಇಳಿಯುವುದಿಲ್ಲ, ಶಿಲೀಂಧ್ರ ಮೇಲಿನ ಒಂದು ಸೆಂ.ಮೀ.ಯಲ್ಲಿ ಮಾತ್ರ ಬೆಳೆದು ಕೆಳಗಡೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಫ್ಲಾಸ್ಕಿನ ತಳವನ್ನು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ: ತಳದ ಗಾಜಿಗೆ ಬಿಳಿ ಎಳೆ ಅಂಟಿದ್ದರೆ ಸರಿ, ಕಂದು ಗಂಜಿಯಂತೆ ಹೊಳೆಯುತ್ತಿದ್ದರೆ ತಳ ಸತ್ತಿದೆ. 250 ಮಿ.ಲೀ. ಫ್ಲಾಸ್ಕಿಗೆ 20 ಗ್ರಾಂ ಕೂಡ ಹೆಚ್ಚು, 10 ಗ್ರಾಂ ಸಾಕು.

ಯಾವ ಬೂಸಾ? ದನಕ್ಕೆ ಹಾಕುವ ಮೂಟೆಯ ಬೂಸಾ ಆದರೆ ಅದರಲ್ಲಿ ಹಿಟ್ಟು ಬಹಳ. ಹಿಟ್ಟಿನ ಪಿಷ್ಟ ಗ್ಲೂಕೋಸ್ ಆಗುತ್ತದೆ, ಗ್ಲೂಕೋಸ್ ಇರುವವರೆಗೆ ಶಿಲೀಂಧ್ರ ಕ್ಸೈಲನೇಸ್ ಜೀನ್‌ಗಳನ್ನು ಮುಚ್ಚಿಟ್ಟುಕೊಂಡಿರುತ್ತದೆ. ಅದು ಸುಲಭದ ಊಟ ಮುಗಿಸಿ ಕಷ್ಟದ ಊಟಕ್ಕೆ ಬರುವಷ್ಟರಲ್ಲಿ ನಿಮ್ಮ 7 ದಿನ ಮುಗಿದಿರುತ್ತದೆ. ಅರ್ಧ ಮಿ.ಮೀ. ಜರಡಿಯಲ್ಲಿ ಜಾಲಿಸಿ, ಮೇಲೆ ಉಳಿದ ದಪ್ಪ ಚಕ್ಕೆಯನ್ನೇ ಬಳಸಿ. ಸಣ್ಣ ಪುಡಿ ಹೋದರೆ ಗಾಳಿಯಾಟಕ್ಕೂ ಒಳ್ಳೆಯದು. ಗೋಧಿ ಬೂಸಾ ಸಿಗಲಿಲ್ಲವೆಂದು ಅಕ್ಕಿ ತೌಡು ಹಾಕಬೇಡಿ. ಎಣ್ಣೆ ತೆಗೆಯದ ತೌಡಿನಲ್ಲಿ 15ರಿಂದ 20 ಶೇಕಡ ಎಣ್ಣೆ ಇದೆ, ಆಟೊಕ್ಲೇವ್ ಆದಮೇಲೆ ಹಲ್ವದಂತೆ ಗಟ್ಟಿ ಕೂರುತ್ತದೆ.

ನಲ್ಲಿ ನೀರಿನ ಬದಲು ಲವಣ ದ್ರಾವಣ: ಲೀಟರಿಗೆ ಅಮೋನಿಯಂ ಸಲ್ಫೇಟ್ 1.4 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 2, ಯೂರಿಯಾ 0.3, ಮೆಗ್ನೀಸಿಯಂ ಸಲ್ಫೇಟ್ 0.3, ಕ್ಯಾಲ್ಸಿಯಂ ಕ್ಲೋರೈಡ್ 0.3. ಕ್ಯಾಲ್ಸಿಯಂ ಅನ್ನು ಬೇರೆಯಾಗಿ ಕರಗಿಸಿ ಕೊನೆಗೆ ಸೇರಿಸಿ, ಇಲ್ಲವಾದರೆ ಫಾಸ್ಫೇಟ್ ಜೊತೆ ಬಿಳಿಗಟ್ಟಿ ತಳ ಸೇರುತ್ತದೆ. ಇದಕ್ಕೆ ಕಬ್ಬಿಣ, ಮ್ಯಾಂಗನೀಸ್, ಸತುವು ಲೀಟರಿಗೆ ಕೆಲವೇ ಮಿ.ಗ್ರಾಂ. ಬೂಸಾದಲ್ಲೇ ಇವು ಸಾಕಷ್ಟು ಇರುವುದರಿಂದ ಆ ಕೊನೆಯ ಸಾಲನ್ನು ಬಿಟ್ಟರೂ ನಡೆಯುತ್ತದೆ.

15 ನಿಮಿಷದ ಆಟೊಕ್ಲೇವ್ ಸಾಲದು. ಬೂಸಾ ಶಾಖಕ್ಕೆ ಕಂಬಳಿ ಇದ್ದಂತೆ, ನಡುವಿನವರೆಗೆ ಬಿಸಿ ತಲುಪಲು ಹೊತ್ತು ಬೇಕು. ಫ್ಲಾಸ್ಕಿಗೆ 30 ನಿಮಿಷ, ಟ್ರೇಗೆ ಒಂದು ಗಂಟೆ. ಮೂರನೇ ದಿನ ಹುಳಿ ಅಥವಾ ಅಮೋನಿಯ ವಾಸನೆ ಬಂದು ಬೂಸಾ ಅಂಟಂಟಾದರೆ ಉಳಿದುಕೊಂಡ ಬ್ಯಾಸಿಲಸ್ ಬೀಜಕಗಳು ಮೊಳೆತಿವೆ ಎಂದು ತಿಳಿಯಿರಿ. ಬ್ಯಾಸಿಲಸ್ ಕೂಡ ಕ್ಸೈಲನೇಸ್ ಮಾಡುತ್ತದೆ! ಆಗ ನೀವು ಅಳೆಯುವುದು ಯಾರ ಕಿಣ್ವವೋ. ಪ್ರತಿ ಬ್ಯಾಚಿನಲ್ಲೂ ಒಂದು ಚಿಟಿಕೆ ಬೂಸಾವನ್ನು ನ್ಯೂಟ್ರಿಯೆಂಟ್ ಅಗರ್ ಮೇಲೆ ಹಾಕಿ 37 ಡಿಗ್ರಿಯಲ್ಲಿ ಒಂದು ರಾತ್ರಿ ಇಟ್ಟು ನೋಡಲೇಬೇಕು.

ಎಲೆತುಣುಕು

ಮೂಲಕ್ಕೆ ಹೋಗುತ್ತೇನೆ. ಇದು ಎಲೆಯೊಳಗಿನದ್ದೇ, ಎಲೆಯ ಮೇಲೆ ಕೂತಿದ್ದ ಧೂಳಿನ ಬೀಜಕವೇ? ಕಿಣ್ವ ಮಾತ್ರ ಬೇಕಾದವರಿಗೆ ಈ ಪ್ರಶ್ನೆ ಬೇಡ ಅನಿಸಬಹುದು. ಆದರೆ ಎಂಡೊಫೈಟ್ ಎಂದು ಬರೆದ ಮೇಲೆ ಅದನ್ನು ತೋರಿಸುವ ಹೊಣೆಯೂ ಬರುತ್ತದೆ.

ಹರಿಯುವ ನೀರಿನಲ್ಲಿ ಎಲೆ ತೊಳೆದು, 70 ಶೇಕಡ ಎಥನಾಲ್‌ನಲ್ಲಿ 1 ನಿಮಿಷ, 4 ಶೇಕಡ ಲಭ್ಯ ಕ್ಲೋರಿನ್ ಇರುವ ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ 3 ನಿಮಿಷ, ಮತ್ತೆ ಎಥನಾಲ್‌ನಲ್ಲಿ 30 ಸೆಕೆಂಡು, ಕ್ರಿಮಿರಹಿತ ನೀರಿನಲ್ಲಿ ಮೂರು ಸಲ. ಹೊಂಗೆಯ ಎಳೆ ಎಲೆಗೆ ಹೈಪೊಕ್ಲೋರೈಟ್ 2 ನಿಮಿಷ ಸಾಕು. ಅಂಚು ಬೆಳ್ಳಗಾದರೆ ಒಳಗಿನವೂ ಸತ್ತಿವೆ. ಆಮೇಲೆ ಎಲೆಯನ್ನು ಒಂದು ಅಗರ್ ಪ್ಲೇಟಿನ ಮೇಲೆ ಒತ್ತಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಆ ಅಚ್ಚಿನ ಪ್ಲೇಟಿನಲ್ಲಿ ಎರಡು ವಾರ ಏನೂ ಬೆಳೆಯದಿದ್ದರೆ ಮಾತ್ರ ಅದೇ ಎಲೆಯ ತುಣುಕಿನಿಂದ ಬಂದದ್ದು ಒಳಗಿನದ್ದು. ಕೊನೆಯ ತೊಳೆನೀರನ್ನು ಹರಡಿ ನೋಡುವುದು ಎರಡನೇ ಸಾಕ್ಷಿ. ತುಣುಕು ಅರ್ಧ ಸೆಂ.ಮೀ. ಚೌಕ, ಪಿಡಿಎಗೆ ಲೀಟರಿಗೆ 150 ಮಿ.ಗ್ರಾಂ ಕ್ಲೋರಾಂಫೆನಿಕಾಲ್, 26 ಡಿಗ್ರಿ, 12 ಗಂಟೆ ಬೆಳಕು 12 ಗಂಟೆ ಕತ್ತಲೆ. ಪ್ಲೇಟುಗಳನ್ನು ಮೂರರಿಂದ ನಾಲ್ಕು ವಾರ ಬಿಸಾಡಬೇಡಿ. ಮೊದಲ ವಾರ ಓಡಿ ಬರುವವು ಹೆಚ್ಚಾಗಿ ಎಲ್ಲ ಎಲೆಯಲ್ಲೂ ಸಿಗುವ ಸಾಮಾನ್ಯರು. ಆ ಗಿಡಕ್ಕೇ ಒಗ್ಗಿದವು ನಿಧಾನದವು.

ಡಯಾಪೋರ್ಥೆ ಎಂಬುದರ ಬಗ್ಗೆ: ಐಟಿಎಸ್ ಒಂದರಿಂದ ಕುಲದವರೆಗೆ ಹೋಗಬಹುದು, ಪ್ರಭೇದಕ್ಕೆ ಆಗದು. ಡಯಾಪೋರ್ಥೆ, ಕೊಲೆಟೊಟ್ರೈಕಮ್, ಫ್ಯುಸೇರಿಯಂ ಮೂರಕ್ಕೂ ಟಿಇಎಫ್-1, ಬೀಟಾ ಟ್ಯುಬುಲಿನ್ ಮುಂತಾದ ಬೇರೆ ಜೀನ್‌ಗಳ ಅನುಕ್ರಮವೂ ಬೇಕು. ಡೇಟಾಬೇಸಿನಲ್ಲಿ 99 ಶೇಕಡ ಹೊಂದಿತು ಎಂದು ಅಲ್ಲಿ ಕಂಡ ಮೊದಲ ಹೆಸರನ್ನು ಇಟ್ಟುಕೊಳ್ಳಬೇಡಿ, ಆ ನಮೂದುಗಳೇ ಎಷ್ಟೋ ತಪ್ಪು ಹೆಸರಿನವು. ಈ ಮೂರೂ ಕುಲಗಳಲ್ಲಿ ಬೆಳೆರೋಗ ತರುವ ಪ್ರಭೇದಗಳಿವೆ. ಎಲೆಯೊಳಗೆ ಸುಮ್ಮನೆ ಕೂತಿರುವುದೂ ಎಲೆ ಮುದಿಯಾದಾಗ ರೋಗವಾಗುವುದೂ ಒಂದೇ ಜೀವಿಯ ಎರಡು ಕಾಲ ಆಗಿರಬಹುದು. ಅದಕ್ಕೇ ಹೇಳುವುದು, ಬಳಸಿದ ಬೂಸಾವನ್ನು ಗೊಬ್ಬರದ ಗುಂಡಿಗೆ ಹಾಕುವ ಮೊದಲು ಆಟೊಕ್ಲೇವ್ ಮಾಡಿ.

ಹೊಂಗೆನೆರಳು

ಅಚ್ಚಿನ ಪ್ಲೇಟ್ ಸ್ವಚ್ಛವಾಗಿತ್ತು, ಅದು ದಾಖಲಾಗಿದೆ. ತೊಂದರೆ ಬೇರೆ: ಇದು ಪಿಡಿಎ ಮೇಲೆ ಬೀಜಕ ಕೊಡುವುದಿಲ್ಲ, ಬರೀ ಬಿಳಿ ಮೈಸೀಲಿಯಂ (ಎಳೆಗಳ ಜಾಲ). ಹಾಗಾಗಿಯೇ ಬಿಲ್ಲೆ ಹಾಕಿದ್ದು. ಗ್ರಾಂಗೆ ಹತ್ತು ಲಕ್ಷ ಬೀಜಕ ಎಂದು ಎಲ್ಲೆಡೆ ಬರೆದಿರುತ್ತಾರೆ, ಬೀಜಕವೇ ಇಲ್ಲದಿದ್ದರೆ?

ಟ್ರೇ_ತೇವ

ಎರಡು ಬಿಲ್ಲೆ ಎಂದರೆ ಎರಡು ಬಿಂದುಗಳಿಂದ ಹರಡಬೇಕು. ಒಂದು ತುದಿಯಲ್ಲಿ 7 ದಿನದ ಮೈಸೀಲಿಯಂ, ಇನ್ನೊಂದು ತುದಿಯಲ್ಲಿ 2 ದಿನದ್ದು. ಬರುವ ಅಂಕಿ ಯಾವ ದಿನದ್ದೂ ಅಲ್ಲ.

ದ್ರವದಲ್ಲಿ ಬೆಳೆಸಿ ಅರೆಯಿರಿ. 100 ಮಿ.ಲೀ. ಪೊಟ್ಯಾಟೊ ಡೆಕ್ಸ್ಟ್ರೋಸ್ ದ್ರವಕ್ಕೆ ಅಂಚಿನ ಬಿಲ್ಲೆ ಐದು, 28 ಡಿಗ್ರಿ, ನಿಮಿಷಕ್ಕೆ 150 ಸುತ್ತು, 3 ದಿನ. ಸಣ್ಣ ಉಂಡೆಗಳಾಗುತ್ತವೆ. ಕ್ರಿಮಿರಹಿತ ಬ್ಲೆಂಡರ್ ಕಪ್ಪಿನಲ್ಲಿ 5 ಸೆಕೆಂಡಿನಂತೆ ಮೂರು ಸಲ, ನಡುವೆ ಬಿಡುವು ಕೊಟ್ಟು. ಜಾಸ್ತಿ ಅರೆದರೆ ಎಳೆಗಳು ಒಡೆದು ಸಾಯುತ್ತವೆ. ತೊಳೆದು, ಲವಣ ದ್ರಾವಣದಲ್ಲಿ ಕಲಸಿ, ಗ್ರಾಂ ಬೂಸಾಕ್ಕೆ 2ರಿಂದ 5 ಮಿ.ಗ್ರಾಂ ಒಣತೂಕದ ಮೈಸೀಲಿಯಂ ಬರುವಂತೆ ಹಾಕಿ. ತೊಳೆಯುವುದು ಯಾಕೆಂದರೆ ಉಳಿದ ಡೆಕ್ಸ್ಟ್ರೋಸ್ ಮತ್ತೆ ಅದೇ ಗ್ಲೂಕೋಸ್ ಕಾಟ. ಈ ಕಲಕದ ನೀರನ್ನು 15 ಮಿ.ಲೀ. ಲೆಕ್ಕದೊಳಗೇ ಸೇರಿಸಿ, ಮೇಲೆ ಹಾಕಬೇಡಿ.

ಎಲೆತುಣುಕು

ಬೀಜಕ ಬೇಕೇ ಬೇಕಾದರೆ: ಓಟ್ಸ್ ಅಗರ್ ಅಥವಾ ಬರೀ ನೀರಿನ ಅಗರ್ ಮೇಲೆ ಆಟೊಕ್ಲೇವ್ ಮಾಡಿದ ಅದೇ ಹೊಂಗೆಯ ಕಡ್ಡಿ ಚೂರುಗಳನ್ನಿಟ್ಟು, ಕಪ್ಪು ಟ್ಯೂಬ್‌ಲೈಟಿನ ಸಮೀಪ-ಅತಿನೇರಳೆ ಬೆಳಕು 12 ಗಂಟೆ, ಕತ್ತಲೆ 12 ಗಂಟೆ. ಡಯಾಪೋರ್ಥೆಯಾದರೆ ಮೂರು ನಾಲ್ಕು ವಾರದಲ್ಲಿ ಕಡ್ಡಿಯ ಮೇಲೆ ಕಪ್ಪು ಗುಳ್ಳೆಗಳು, ಅವುಗಳ ಬಾಯಿಂದ ಹಳದಿಯ ಹನಿ. ಗುರುತಿಗೆ ಇದು ಒಳ್ಳೆಯದು. ಬಿತ್ತನೆಗೆ ಅರೆದ ಮೈಸೀಲಿಯಮ್ಮೇ ಅನುಕೂಲ.

ಕರಾವಳಿ_ಮೈಕಾಲಜಿ

ಒಂದು ಭಿನ್ನಮತ. ಇಷ್ಟೆಲ್ಲ ಕಷ್ಟಪಟ್ಟು ಕಾಡು ತಳಿಯಿಂದ ಯೂನಿಟ್ ಹೆಚ್ಚಿಸುವ ಓಟ ಗೆಲ್ಲಲಾಗದು. ಟ್ರೈಕೊಡರ್ಮಾ ರೀಸೈ ತಳಿಯ ಕತೆ ನೋಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸಾಲೊಮನ್ ದ್ವೀಪಗಳಲ್ಲಿ ಸೈನ್ಯದ ಕ್ಯಾನ್ವಾಸನ್ನು ತಿನ್ನುತ್ತಿದ್ದ ಶಿಲೀಂಧ್ರ, ಅಲ್ಲಿಂದ ದಶಕಗಟ್ಟಲೆ ಮ್ಯುಟೇಶನ್ ಮಾಡಿ ಮಾಡಿ ಇಂದಿನ ಕೈಗಾರಿಕಾ ತಳಿಗಳು ಲೀಟರಿಗೆ 100 ಗ್ರಾಂ ಪ್ರೋಟೀನ್ ಹೊರಹಾಕುವ ಮಟ್ಟಕ್ಕೆ ಬಂದಿವೆ. ನಿಮ್ಮ ಎಂಡೊಫೈಟ್ ಲೀಟರಿಗೆ ಒಂದು ಗ್ರಾಂ ಕೊಟ್ಟರೆ ದೊಡ್ಡದು.

ಎಂಡೊಫೈಟ್‌ನಲ್ಲಿ ಹುಡುಕಬೇಕಾದ್ದು ಪ್ರಮಾಣವನ್ನಲ್ಲ, ಗುಣವನ್ನು. ಮಂಗಳೂರು ವಿಶ್ವವಿದ್ಯಾಲಯದವರು ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಪ್ರದೇಶದ ಅಕಾಂಥಸ್ ಇಲಿಸಿಫೋಲಿಯಸ್ ಮತ್ತು ಅಕ್ರೊಸ್ಟಿಕಮ್ ಆರಿಯಮ್ ಎಂಬ ಜರಿಗಿಡದ ಎಂಡೊಫೈಟ್‌ಗಳ ಕಿಣ್ವಗಳನ್ನು ನೋಡಿ 2005ರಲ್ಲಿ ಪ್ರಕಟಿಸಿದ್ದಾರೆ. ಉಪ್ಪುನೀರಿನ ಗಿಡದೊಳಗೆ ಬದುಕುವ ಶಿಲೀಂಧ್ರದ ಕಿಣ್ವ ಉಪ್ಪಿನಲ್ಲೂ ಕೆಲಸ ಮಾಡುತ್ತದೆಯೇ ಎಂಬುದು ಕೇಳತಕ್ಕ ಪ್ರಶ್ನೆ. ನಿಮ್ಮ ಕಚ್ಚಾ ರಸವನ್ನೇ ತೆಗೆದು ಪಿಎಚ್ 4ರಿಂದ 10, 40ರಿಂದ 80 ಡಿಗ್ರಿ, ಉಪ್ಪು 0ರಿಂದ 3 ಮೋಲಾರ್‌ವರೆಗೆ ಓಡಿಸಿ. ಯಾವುದಾದರೂ ಒಂದು ಕಡೆ ವಿಶೇಷ ಕಂಡರೆ ಆ ಜೀನನ್ನು ಪಿಕಿಯಾ ಯೀಸ್ಟಿಗೆ ಹಾಕುವುದು ಮುಂದಿನ ದಾರಿ. ಎಲ್ಲೂ ಕಾಣದಿದ್ದರೆ ಇನ್ನೊಂದು ತಳಿ ನೋಡಿ.

ಟ್ರೇ_ತೇವ

ಅರ್ಧ ಒಪ್ಪುತ್ತೇನೆ. ಶುದ್ಧ, ಸಾಂದ್ರ ಕಿಣ್ವಕ್ಕೆ ನೀವು ಹೇಳಿದ್ದೇ ದಾರಿ. ಆದರೆ ಬೂಸಾ ಮೇಲೆ ಬೆಳೆದ ಶಿಲೀಂಧ್ರ ಒಂದೇ ಕಿಣ್ವ ಕೊಡುವುದಿಲ್ಲ. ಕ್ಸೈಲನೇಸ್ ಜೊತೆ ಅರಬಿನೊಫ್ಯುರನೊಸಿಡೇಸ್, ಅಸಿಟೈಲ್ ಕ್ಸೈಲನ್ ಎಸ್ಟರೇಸ್, ಫೆರುಲಿಕ್ ಎಸ್ಟರೇಸ್ ಎಂಬ ಕವಲು ಬಿಡಿಸುವ ಕಿಣ್ವಗಳು, ಎಲ್ಲ ಒಟ್ಟಿಗೆ. ಎಲೆಯೊಳಗೆ ಇದ್ದು ಎಲೆ ಉದುರಿದ ಮೇಲೆ ಅದನ್ನೇ ಕೊಳೆಸುವ ಜೀವಿಗೆ ಈ ಇಡೀ ಗುಂಪು ಬೇಕೇ ಬೇಕು. ಬೂಸಾದಂಥ ಕವಲುಗಳಿರುವ ಕ್ಸೈಲನ್‌ಗೆ ಒಂಟಿ ಕಿಣ್ವಕ್ಕಿಂತ ಗುಂಪು ಮೇಲು. ಇದನ್ನು ಒಂದು ಜೀನ್ ಎತ್ತಿ ಯೀಸ್ಟಿಗೆ ಹಾಕಿ ಪಡೆಯಲಾಗದು.

ಪಲ್ಪ್_ರಸಾಯನ

ಬಳಕೆ ಯಾವುದಕ್ಕೆ ಎಂಬುದನ್ನು ಮೊದಲು ತೀರ್ಮಾನಿಸಿ. ಕಾಗದದ ಪಲ್ಪ್ ಬಿಳುಪಿಸಲು ಆದರೆ ಆ ಗುಂಪಿನಲ್ಲಿ ಒಬ್ಬರು ಬರಲೇಬಾರದು, ನಾರಿನ ಸೆಲ್ಯುಲೋಸನ್ನೇ ಕತ್ತರಿಸುವ ಸೆಲ್ಯುಲೇಸ್. ಫಿನ್ಲೆಂಡಿನ ವೀಕಾರಿ ತಂಡ 1986ರಲ್ಲಿ ತೋರಿಸಿದ ವಿಚಾರ ಏನು? ಕ್ರಾಫ್ಟ್ ಅಡುಗೆಯಲ್ಲಿ (ಮರವನ್ನು ಕ್ಷಾರದಲ್ಲಿ ಬೇಯಿಸಿ ಪಲ್ಪ್ ಮಾಡುವುದು) ನಾರಿನ ಮೇಲೆ ಮತ್ತೆ ಕೂತ ಕ್ಸೈಲನ್ನನ್ನು ಕಿಣ್ವದಿಂದ ಸಡಿಲಿಸಿದರೆ ಲಿಗ್ನಿನ್ ಸುಲಭವಾಗಿ ಹೊರಬರುತ್ತದೆ, ಕ್ಲೋರಿನ್ ಕಡಿಮೆ ಸಾಕು. ಆದರೆ ಜೊತೆಯಲ್ಲಿ ಸೆಲ್ಯುಲೇಸ್ ಇದ್ದರೆ ನಾರಿನ ಬಲ ಹೋಗುತ್ತದೆ, ಪಲ್ಪಿನ ಸ್ನಿಗ್ಧತೆ ಇಳಿಯುತ್ತದೆ. ಅಂಥ ಕಾಗದ ಯಾರಿಗೂ ಬೇಡ.

ಸಿಎಂಸಿ (ನೀರಿನಲ್ಲಿ ಕರಗುವ ಸೆಲ್ಯುಲೋಸ್) ಪ್ಲೇಟಿನಲ್ಲಿ ತಿಳಿವಲಯ ಬರಲಿಲ್ಲ ಎಂದು ಸೆಲ್ಯುಲೇಸ್ ಇಲ್ಲ ಎಂದು ಬರೆಯಬೇಡಿ. ಕಾಂಗೋ ರೆಡ್ ಉದ್ದ ಸರಪಳಿಗೆ ಮಾತ್ರ ಅಂಟುತ್ತದೆ, ಅದು ತೋರಿಸುವುದು ಸರಪಳಿಯನ್ನು ನಡುವೆ ಕತ್ತರಿಸುವ ಎಂಡೊಗ್ಲುಕನೇಸನ್ನು ಮಾತ್ರ. ಪೂರ್ತಿ ಗುಂಪಿಗೆ ಫಿಲ್ಟರ್ ಪೇಪರ್ ಪರೀಕ್ಷೆ: ವಾಟ್‌ಮನ್ 1ನೇ ನಂಬರಿನ 1 ಸೆಂ.ಮೀ. ಅಗಲ 6 ಸೆಂ.ಮೀ. ಉದ್ದದ ಪಟ್ಟಿ, ಅದರ ತೂಕ ಸರಿಯಾಗಿ 50 ಮಿ.ಗ್ರಾಂ, ಪಿಎಚ್ 4.8 ಸಿಟ್ರೇಟ್ ಬಫರ್ 1 ಮಿ.ಲೀ., ರಸ 0.5 ಮಿ.ಲೀ., 50 ಡಿಗ್ರಿ, 60 ನಿಮಿಷ. 2 ಮಿ.ಗ್ರಾಂ ಗ್ಲೂಕೋಸ್ ಬರುವ ದುರ್ಬಲತೆಯನ್ನು ಹುಡುಕಬೇಕು. ದುರ್ಬಲಗೊಳಿಸದ ರಸದಲ್ಲೂ 2 ಮಿ.ಗ್ರಾಂ ಬರದಿದ್ದರೆ ಯೂನಿಟ್ ಲೆಕ್ಕ ಹಾಕಬೇಡಿ, "ಈ ಮಟ್ಟಕ್ಕಿಂತ ಕಡಿಮೆ" ಎಂದಷ್ಟೇ ಬರೆಯಿರಿ. ಇದಕ್ಕಿಂತ ನಂಬಿಕೆಯ ಪರೀಕ್ಷೆ ಪಲ್ಪ್ ಮೇಲೆಯೇ ಹಾಕಿ ಸ್ನಿಗ್ಧತೆ ನೋಡುವುದು.

ಇನ್ನು ಪಿಎಚ್. ಗಿರಣಿಯಲ್ಲಿ ತೊಳೆದು ಬರುವ ಕ್ರಾಫ್ಟ್ ಪಲ್ಪ್ ಕ್ಷಾರೀಯ, ಬಿಸಿಯೂ ಹೌದು. ಶಿಲೀಂಧ್ರಗಳ ಕ್ಸೈಲನೇಸ್ ಹೆಚ್ಚಿನವು ಪಿಎಚ್ 4ರಿಂದ 6ರಲ್ಲಿ ಕೆಲಸ ಮಾಡುವವು. 5.3ರಲ್ಲಿ ಎಷ್ಟೇ ಯೂನಿಟ್ ಬಂದರೂ 8.5ರಲ್ಲಿ, 60 ಡಿಗ್ರಿಯಲ್ಲಿ, ಒಂದು ಗಂಟೆ ಬಿಟ್ಟ ಮೇಲೆ ಎಷ್ಟು ಉಳಿಯಿತು ಎಂಬುದೇ ಇಲ್ಲಿ ಬೆಲೆಯುಳ್ಳ ಅಂಕಿ. ಅದು ಉಳಿಯದಿದ್ದರೆ ಬ್ರೆಡ್ಡು ಅಥವಾ ಪಶು ಆಹಾರದ ಕಡೆ ಮನಸ್ಸು ಹೋಗುವುದು ಸಹಜ, ಆದರೆ ಗುರುತಿಸದ ಕಾಡು ತಳಿಯನ್ನು ಆಹಾರದ ಹತ್ತಿರಕ್ಕೂ ತರಬಾರದು. ಬೂಸಾ ಮೇಲೆ ಬೆಳೆಯುವ ಎಷ್ಟೋ ಶಿಲೀಂಧ್ರಗಳು ವಿಷ ತಯಾರಿಸುತ್ತವೆ, ಕಿಣ್ವ ಹಿಂಡುವಾಗ ಅದೂ ಹಿಂಡಿ ಬರುತ್ತದೆ.

ಹೊಂಗೆನೆರಳು

ಹೇಳಿದಂತೆ ಮಾಡಿದ ಅಂಕಿ. ಮೊದಲು ಫ್ರಿಜ್ಜಿನಲ್ಲಿದ್ದ ಹಳೆಯ ರಸವನ್ನೇ ಹೊಸ ವಿಧಾನದಲ್ಲಿ ಅಳೆದದ್ದು. 20 ಪಟ್ಟು ದುರ್ಬಲಗೊಳಿಸಿದಾಗ ಟ್ಯೂಬಿಗೆ 0.45 ಮಿ.ಗ್ರಾಂ ಕ್ಸೈಲೋಸ್, 40 ಪಟ್ಟಿಗೆ 0.23. ಎರಡೂ ಹೊಂದುತ್ತವೆ. 0.45 ಮಿ.ಗ್ರಾಂ ಎಂದರೆ 3 ಮೈಕ್ರೊಮೋಲ್, 5 ನಿಮಿಷ ಮತ್ತು 0.2 ಮಿ.ಲೀ.ಯಿಂದ ಭಾಗಿಸಿದರೆ 3 ಯೂನಿಟ್, 20ರಿಂದ ಗುಣಿಸಿದರೆ ಮಿ.ಲೀ.ಗೆ 60. 140 ಮಿ.ಲೀ.ಗೆ 8,400, 18 ಗ್ರಾಂ ಒಣ ಬೂಸಾದಿಂದ ಭಾಗಿಸಿದರೆ ಗ್ರಾಂಗೆ 467 ಯೂನಿಟ್. ಸ್ಯಾಂಪಲ್ ಬ್ಲಾಂಕ್ ಕಳೆದ ಮೇಲಿನ ಅಂಕಿ ಇದು.

ಜರಡಿ ಹಿಡಿದ ಬೂಸಾ, 64 ಶೇಕಡ ತೇವ, ಅರೆದ ಮೈಸೀಲಿಯಂ ಹಾಕಿದ ಹೊಸ ಬ್ಯಾಚು 4ನೇ ದಿನಕ್ಕೇ ಇದನ್ನು ದಾಟಿದೆ, 6ನೇ ದಿನದಿಂದ ಇಳಿಯುತ್ತದೆ. ಮುಂದಿನದು ಟ್ರೇ. 1 ಕಿಲೋ ಒಣ ಬೂಸಾ ಒಂದೇ ಟ್ರೇಯಲ್ಲಿ ಹಾಕಬಹುದೇ?

ಡಿಎನ್‌ಎಸ್_ಕೆಂಪು

6ನೇ ದಿನದಿಂದ ಇಳಿಯುತ್ತದೆ ಎಂದರೆ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಮೇಲೆದ್ದಿರಬೇಕು. ಅದೇ ರಸವನ್ನು 4 ಡಿಗ್ರಿಯಲ್ಲಿ ಎರಡು ದಿನ ಇಟ್ಟು ಮತ್ತೆ ಅಳೆಯಿರಿ, ಫ್ರಿಜ್ಜಿನಲ್ಲೂ ಇಳಿದರೆ ಅದೇ ಕಾರಣ. 4ನೇ ದಿನಕ್ಕೇ ಕೊಯ್ಲು ಮಾಡಿ.

ಟ್ರೇ_ತೇವ

ಟ್ರೇಯಲ್ಲಿ ಸೋಲುವುದು ಶಾಖದಿಂದ. ಅಂಕಿ ಇಟ್ಟು ನೋಡಿ. ಒಣ ಬೂಸಾದ 10 ಶೇಕಡ, ಅಂದರೆ ಕಿಲೋಗೆ 100 ಗ್ರಾಂ, ಉಸಿರಾಟದಲ್ಲಿ ಸುಟ್ಟುಹೋಯಿತು ಎನ್ನೋಣ. ಸಕ್ಕರೆ ಗ್ರಾಂಗೆ 15.6 ಕಿಲೋಜೂಲ್, ಒಟ್ಟು 1,560 ಕಿಲೋಜೂಲ್. ಇದರಲ್ಲಿ ಬಹುಪಾಲು ನಾಲ್ಕು ದಿನದ ನಡುವಿನ ಒಂದು ದಿನದಲ್ಲೇ ಹೊರಬರುತ್ತದೆ. ಬೂಸಾ ಶಾಖ ದಾಟಿಸುವುದಿಲ್ಲ, ಒಳಗಿನದು ಒಳಗೇ ಉಳಿಯುತ್ತದೆ. 8 ಸೆಂ.ಮೀ. ದಪ್ಪ ಹರಡಿದ ಟ್ರೇಯ ನಡುವೆ ಥರ್ಮಾಮೀಟರ್ ಚುಚ್ಚಿದರೆ 40 ಡಿಗ್ರಿ ದಾಟಿರುತ್ತದೆ, ಕೋಣೆ ಮಾತ್ರ 28. ಎಲೆಯೊಳಗಿನ ಈ ಜಾತಿಯ ಶಿಲೀಂಧ್ರಗಳಿಗೆ 35 ದಾಟಿದರೆ ಉಳಿಗಾಲವಿಲ್ಲ. ಟ್ರೇ ಕತ್ತರಿಸಿ ನೋಡಿದರೆ ಮೇಲೆ ಬಿಳಿ, ಕೆಳಗೆ ಬಿಳಿ, ನಡುವೆ ಕಂದು ಪಟ್ಟಿ.

ನೀರು ಆವಿಯಾಗಿ ತಂಪಾಗಲಿ ಎಂದು ಒಣ ಗಾಳಿ ಬಿಟ್ಟರೆ? 1,560 ಕಿಲೋಜೂಲ್ ಒಯ್ಯಲು 650 ಗ್ರಾಂ ನೀರು ಆವಿಯಾಗಬೇಕು. ಕಿಲೋ ಒಣ ಬೂಸಾದಲ್ಲಿ 64 ಶೇಕಡ ತೇವಕ್ಕೆ ಇರುವುದೇ 1.78 ಲೀಟರ್. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಉಸಿರಾಟದಲ್ಲಿ ಹುಟ್ಟುವ ನೀರು ಬರೀ 60 ಗ್ರಾಂ, ಅದು ಕೈಹಿಡಿಯುವುದಿಲ್ಲ. ಶಾಖ ಉಳಿಸಿದರೆ ಸಾಯುತ್ತದೆ, ಆವಿಯಾಗಲು ಬಿಟ್ಟರೆ ಒಣಗುತ್ತದೆ. ಟ್ರೇ ಕೆಲಸದ ಇಡೀ ಕಸುಬು ಈ ಎರಡರ ನಡುವೆ ಇದೆ.

ಹಾಗಾಗಿ ತೆಳುವಾಗಿ ಹರಡಿ, 2.5ರಿಂದ 3 ಸೆಂ.ಮೀ. ಸ್ಟೀಲ್ ಟ್ರೇಯ ತಳಕ್ಕೆ 3 ಮಿ.ಮೀ. ತೂತು, ಮೇಲೆ ಮಸ್ಲಿನ್ ಬಟ್ಟೆ. ಟ್ರೇಗಳ ನಡುವೆ 10 ಸೆಂ.ಮೀ. ಅಂತರ. ಕೋಣೆಯ ಆರ್ದ್ರತೆ 90ರಿಂದ 95. ಮೊದಲ 24 ಗಂಟೆ 28 ಡಿಗ್ರಿ, ನಡುವಿನ ಥರ್ಮಾಮೀಟರ್ 31 ಮುಟ್ಟಿದ ಕೂಡಲೇ ಕೋಣೆಯನ್ನು 24ಕ್ಕೆ ಇಳಿಸಿ, ಫ್ಯಾನ್ ಹಾಕಿ. ಇಳಿದ ಮೇಲೆ ಮತ್ತೆ 28. ರಾತ್ರಿ ಹೊತ್ತಿಗೆ ಈ ಏರಿಕೆ ಬಂದರೆ ನೋಡುವವರಿಲ್ಲದೆ ಬ್ಯಾಚು ಹೋಗುತ್ತದೆ, ಆದ್ದರಿಂದ ಬಿತ್ತನೆಯನ್ನು ಬೆಳಿಗ್ಗೆ ಬೇಗ ಮಾಡಿ, ಏರಿಕೆ ಮರುದಿನದ ಹಗಲಿಗೆ ಬೀಳುವ ಹಾಗೆ. ಬೂಸಾ ಹೆಣೆದುಕೊಂಡು ಚಪ್ಪಡಿಯಾದ ಮೇಲೆ ಪುಡಿ ಮಾಡಿ ಮಗುಚಬೇಡಿ, ಎಳೆಗಳು ತುಂಡಾಗಿ ಎರಡನೇ ಸಲ ಬೆಳೆಯಲು ಶುರುಮಾಡುತ್ತವೆ, ಶಾಖವೂ ಎರಡನೇ ಸಲ. ಚಾಕುವಿನಿಂದ ಚೌಕ ಚೌಕವಾಗಿ ಗೀರಿ, ಗಾಳಿ ಇಳಿಯಲು ಅಷ್ಟು ಸಾಕು.

ತಕಾಮಿನೆ ಜೋಕಿಚಿ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಡಯಾಸ್ಟೇಸ್ (ಪಿಷ್ಟ ಕರಗಿಸುವ ಕಿಣ್ವ) ಕೂಡ ಗೋಧಿ ಬೂಸಾ ಮೇಲೆ ಕೋಜಿ ಶಿಲೀಂಧ್ರ ಬೆಳೆಸಿ ಮಾಡಿದ್ದೇ. ಅಂದಿಗೂ ಇಂದಿಗೂ ತೊಂದರೆ ಒಂದೇ.

ಹಿಂಡುವುದು: ಒಣ ಗ್ರಾಂಗೆ ಒಟ್ಟು 10 ಮಿ.ಲೀ. ಬರುವಂತೆ ಪಿಎಚ್ 5 ಸಿಟ್ರೇಟ್, 0.1 ಶೇಕಡ ಟ್ವೀನ್ 80 (ಸಾಬೂನಿನಂಥ ದ್ರವ), 30 ಡಿಗ್ರಿಯಲ್ಲಿ ಒಂದು ಗಂಟೆ. ಕಿಲೋಗೆ 10 ಲೀಟರ್ ಹಿಂಡುವುದು ಹೊರೆಯಾದರೆ ಎರಡು ಸಲ 4 ಲೀಟರ್, ಎರಡನೇ ಸಲದ ತೆಳು ರಸವನ್ನು ಮುಂದಿನ ಟ್ರೇಯ ಮೊದಲ ಹಿಂಡಿಗೆ ಬಳಸಿ.

ಪಲ್ಪ್_ರಸಾಯನ

ಸಾಂದ್ರಗೊಳಿಸುವಾಗ ಒಂದು ಎಚ್ಚರ. ಕ್ಸೈಲನೇಸ್‌ಗಳಲ್ಲಿ ಜಿಎಚ್ 11 ಕುಟುಂಬದವು ಚಿಕ್ಕವು, ಸುಮಾರು 20 ಕಿಲೋಡಾಲ್ಟನ್. 30 ಕಿಲೋಡಾಲ್ಟನ್ ಮೆಂಬ್ರೇನ್ ಹಾಕಿದರೆ ಕಿಣ್ವ ಮೋರಿಗೆ ಹೋಗುತ್ತದೆ, ಮೇಲೆ ಉಳಿದದ್ದು ಬಣ್ಣ. 10ರದ್ದು ಹಾಕಿ, ಮತ್ತು ಕೆಳಗೆ ಇಳಿದ ದ್ರವವನ್ನೂ ಅಳೆಯದೆ ಚೆಲ್ಲಬೇಡಿ. ಅಮೋನಿಯಂ ಸಲ್ಫೇಟ್ ಹಾಕಿ ಕಿಣ್ವವನ್ನು ತಳಕ್ಕಿಳಿಸುವುದಾದರೆ 0 ಡಿಗ್ರಿಯಲ್ಲಿ 80 ಶೇಕಡ ಸಂತೃಪ್ತಿಗೆ ಲೀಟರಿಗೆ 516 ಗ್ರಾಂ, ಅರ್ಧ ಗಂಟೆಯಲ್ಲಿ ಚಿಟಿಕೆ ಚಿಟಿಕೆಯಾಗಿ. ನೊರೆ ಬಂದರೆ ಕಲಕುವ ವೇಗ ಹೆಚ್ಚಾಗಿದೆ ಎಂದರ್ಥ.

ಎಲೆತುಣುಕು

ತಳಿಯನ್ನು ಈಗಲೇ ಉಳಿಸಿಕೊಳ್ಳಿ. ಗಿಡ ಬಿಟ್ಟು ಪಿಡಿಎ ಮೇಲೆ ತಿಂಗಳುಗಟ್ಟಲೆ ದಾಟಿಸುತ್ತಾ ಹೋದರೆ ಎಂಡೊಫೈಟ್‌ಗಳು ಸೋಮಾರಿಯಾಗುತ್ತವೆ, ಸಕ್ಕರೆ ಸಿಕ್ಕುವ ಕಡೆ ಕಿಣ್ವ ಮಾಡುವ ಅಗತ್ಯ ಅವಕ್ಕಿಲ್ಲ. ಮೂರನೇ ದಾಟಿಕೆಯೊಳಗೆ ಕನಿಷ್ಠ 20 ಸಣ್ಣ ಬಾಟಲಿ ಮಾಡಿ: 2 ಮಿ.ಲೀ. ಕ್ರಿಮಿರಹಿತ ಭಟ್ಟಿ ನೀರಿಗೆ ಬೆಳೆಯುತ್ತಿರುವ ಅಂಚಿನ 4 ಮಿ.ಮೀ. ಬಿಲ್ಲೆ ಆರು, ಮುಚ್ಚಳ ಬಿಗಿ, ಕೋಣೆಯ ಉಷ್ಣದಲ್ಲಿ ಕತ್ತಲೆ. ಕ್ಯಾಸ್ಟೆಲಾನಿ 1939ರಲ್ಲಿ ತೋರಿಸಿದ ಈ ವಿಧಾನಕ್ಕೆ ಬೀಜಕ ಬೇಡ, ಫ್ರೀಜರ್ ಬೇಡ, ವಿದ್ಯುತ್ ಹೋದರೂ ಚಿಂತೆಯಿಲ್ಲ. ಫ್ರೀಜರ್ ಇದ್ದರೆ 20 ಶೇಕಡ ಗ್ಲಿಸರಾಲ್‌ನಲ್ಲಿ ಮೈನಸ್ 80 ಡಿಗ್ರಿಗೂ ಒಂದು ಜೊತೆ. ಬ್ಯಾಚಿಗೊಂದು ಬಾಟಲಿ ತೆರೆಯಿರಿ, ಪ್ಲೇಟಿನಿಂದ ಪ್ಲೇಟಿಗೆ ಹೋಗಬೇಡಿ. ತೆರೆದಾಗ ಒಮ್ಮೆ ಕ್ಸೈಲನ್ ಅಗರ್ ಮೇಲೆ ದಾಟಿಸಿ ನಂತರ ಬಿತ್ತನೆ.

ಸಾರ್ವಜನಿಕ ಸಂಗ್ರಹಕ್ಕೂ ಕೊಡಿ. ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹವಿದೆ, ಚಂಡೀಗಢದಲ್ಲಿ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹ ಇದೆ. ಪೇಟೆಂಟ್ ಯೋಚನೆಯಿದ್ದರೆ ಬುಡಾಪೆಸ್ಟ್ ಒಪ್ಪಂದದ ಮಾನ್ಯತೆಯಿರುವ ಕಡೆಯೇ ಠೇವಣಿ ಆಗಬೇಕು, ಎಂಟಿಸಿಸಿಗೆ ಆ ಮಾನ್ಯತೆ 2002ರಿಂದ ಇದೆ. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಶಿಲೀಂಧ್ರವೂ ಜೈವಿಕ ಸಂಪನ್ಮೂಲವೇ. ಪೇಟೆಂಟ್‌ಗೆ ಚೆನ್ನೈನ ರಾಷ್ಟ್ರೀಯ ಪ್ರಾಧಿಕಾರದ ಮುಂದೆ ಹೋಗಬೇಕು, ವ್ಯಾಪಾರಕ್ಕೆ ರಾಜ್ಯದ ಮಂಡಳಿ. ಹೊಂಗೆ ರಸ್ತೆಬದಿಯದ್ದೋ ಕಾಡಿನದ್ದೋ, ಎಲೆ ಕಿತ್ತ ದಿನಾಂಕ, ಊರು, ಮರದ ಜಾಗದ ಅಕ್ಷಾಂಶ ರೇಖಾಂಶ, ಗಿಡದ ಒಣ ಮಾದರಿ, ಇಷ್ಟನ್ನು ಈಗಲೇ ಪುಸ್ತಕದಲ್ಲಿ ಬರೆದಿಡಿ. ಎರಡು ವರ್ಷದ ಮೇಲೆ ಅರ್ಜಿ ತುಂಬುವಾಗ ಮೊದಲು ಕೇಳುವುದು ಅದನ್ನೇ.

ಹೊಂಗೆನೆರಳು

ದಿನಾಂಕ, ಊರು ಇವೆ, ಗಿಡದ ಒಣ ಮಾದರಿ ಇಲ್ಲ. ಅದೇ ಮರದಿಂದ ಹೂವಿರುವ ಕೊಂಬೆ ಈಗ ತೆಗೆದಿಟ್ಟರೆ ನಡೆಯುತ್ತದೆಯೇ?

ಎಲೆತುಣುಕು

ಅದೇ ಮರ ಎಂದು ಖಚಿತವಿದ್ದರೆ ನಡೆಯುತ್ತದೆ. ತೆಗೆದ ದಿನಾಂಕವನ್ನು ಎಲೆ ಕಿತ್ತ ದಿನಾಂಕದಿಂದ ಬೇರೆಯಾಗಿಯೇ ಬರೆಯಿರಿ. ಹೂವಿನ ಜೊತೆ ಕಾಯಿಯೂ ಇರುವ ಕೊಂಬೆ ಆದರೆ ಇನ್ನೂ ಒಳ್ಳೆಯದು.